ಹಕ್ಕಿಪಿಕ್ಕಿ ಕ್ಯಾಂಪಿನ ತಲೆ ಎಣ್ಣೆ: ಮೂರು ತಿಂಗಳು ಹಚ್ಚಿದ ಮೇಲೆ

ಶಿವಮೊಗ್ಗ ತಾಲ್ಲೂಕಿನಲ್ಲಿ ಹಕ್ಕಿಪಿಕ್ಕಿ ಸಮುದಾಯದವರು ನೆಲೆಸಿರುವ ಒಂದು ಕ್ಯಾಂಪಿನ ಮನೆಯಂಗಡಿಯಲ್ಲಿ ಅರ್ಧ ಲೀಟರ್ ತಲೆ ಎಣ್ಣೆ ಕೊಂಡು, ಮಳೆಗಾಲದ ಮೂರು ತಿಂಗಳು ವಾರಕ್ಕೆ ಎರಡು ಬಾರಿಯಂತೆ ಹಚ್ಚಿದ ಬಳಿಕ ಇದನ್ನು ಬರೆಯುತ್ತಿದ್ದೇನೆ. ಉದುರಿದ ಕೂದಲು ಮರಳಿ ಹುಟ್ಟಿಲ್ಲ, ಹುಟ್ಟೀತೆಂದು ನಾನು ನಂಬಿಯೂ ಇರಲಿಲ್ಲ. ಆದರೆ ಮಲೆನಾಡಿನ ಮಳೆಯಲ್ಲಿ ತಲೆ ಒಣಗದೆ ಪ್ರತಿ ವರ್ಷ ಕಾಡುವ ಹೊಟ್ಟು ಈ ಸಲ ಬಹಳ ಮಟ್ಟಿಗೆ ಕಡಿಮೆಯಾಗಿದೆ, ಕೂದಲಿನ ಒರಟುತನವೂ ಇಳಿದಿದೆ. ಎಣ್ಣೆಗೆ ಗರಗದ ಸೊಪ್ಪು ಮತ್ತು ಹುರಿದ ಮೆಂತ್ಯದ ಘಾಟು ವಾಸನೆಯಿದ್ದು, ಎರಡು ದಿನ ಕಳೆದರೂ ಬಿಡುವುದಿಲ್ಲ; ದಿಂಬಿನ ಮೇಲೆ ಬಿದ್ದ ಹಸಿರು ಕಲೆಯಂತೂ ಮೂರು ಒಗೆತಕ್ಕೂ ಜಗ್ಗಿಲ್ಲ.

ಬೆಲೆ ಒಂಬೈನೂರು ರೂಪಾಯಿ. ಫೋನಿನಲ್ಲಿ ಇದಕ್ಕೇ ಸಾವಿರದ ಇನ್ನೂರು ಹೇಳಿದ್ದರು. ಮನೆಬಾಗಿಲಿಗೇ ಹೋಗಿ ಕೊಳ್ಳುವುದು ಲೇಸೆನ್ನಲು ಹಣವೊಂದೇ ಕಾರಣವಲ್ಲ.

ನಾನು ಹೋದಾಗ ಅಂಗಳದಲ್ಲಿ ಮೂರು ಕಲ್ಲಿನ ಒಲೆಯ ಮೇಲೆ ದೊಡ್ಡ ಅಲ್ಯೂಮಿನಿಯಂ ಬೋಗುಣಿಯಲ್ಲಿ ಎಣ್ಣೆ ಕುದಿಯುತ್ತಿತ್ತು. ಒಲೆಯ ಮುಂದಿದ್ದ ಅಜ್ಜಿ ಸೌಟಿನಿಂದ ಬಾಡಿದ ಎಲೆಯೊಂದನ್ನೆತ್ತಿ ಬೆರಳಲ್ಲಿ ಮುರಿದು ನೋಡುತ್ತಿದ್ದರು. ಎಲೆ ಹಪ್ಪಳದಂತೆ ಪಟಕ್ಕೆಂದು ಮುರಿದರೆ ಪಾಕ ಬಂತೆಂದು ಲೆಕ್ಕವಂತೆ. ಸೌದೆ ಹಿಂದಕ್ಕೆಳೆಯಲು ಸೊಸೆಗೆ ತಮ್ಮ ಮನೆಮಾತಾದ ವಾಗ್ರಿಯಲ್ಲಿ ಹೇಳಿದರು. ಸೊಸೆ ವಾಗ್ರಿಯಲ್ಲೇ ಓಗೊಟ್ಟು, ನನ್ನ ಕಡೆ ತಿರುಗಿ ಶಿವಮೊಗ್ಗದವರೆಲ್ಲ ಆಡುವ ಕನ್ನಡದಲ್ಲಿ ಕುಳಿತುಕೊಳ್ಳಲು ಹೇಳಿ, ಅಷ್ಟರಲ್ಲಿ ಬಂದ ಫೋನಿಗೆ ಹಿಂದಿಯಲ್ಲಿ ಕೊರಿಯರ್ ದರ ವಿವರಿಸತೊಡಗಿದರು. ಕೆಲವು ವರ್ಷ ಆಫ್ರಿಕಾದಲ್ಲಿ ಎಣ್ಣೆ ಮಾರಿ ಬಂದಿರುವ ಅವರ ಗಂಡನಿಗೆ ಫ್ರೆಂಚ್‌ನಲ್ಲಿ ಚೌಕಾಸಿ ಮಾಡುವಷ್ಟು ಮಾತು ಬರುತ್ತದೆ. ಕೂದಲಿಗೆ ಆ ಭಾಷೆಯಲ್ಲಿ ‘ಶೆವೊ’ ಎನ್ನುತ್ತಾರೆಂಬುದನ್ನು ನಾನು ಕಲಿತದ್ದು ಈ ಅಂಗಳದಲ್ಲಿ. 2023ರ ಏಪ್ರಿಲ್‌ನಲ್ಲಿ ಸುಡಾನ್‌ನಲ್ಲಿ ಯುದ್ಧ ಶುರುವಾದಾಗ ಅಲ್ಲಿ ಸಿಲುಕಿ, ಭಾರತೀಯರನ್ನು ಕರೆತರಲು ಸರ್ಕಾರ ನಡೆಸಿದ ‘ಆಪರೇಷನ್ ಕಾವೇರಿ’ಯ ಮೂಲಕ ಮರಳಿದವರಲ್ಲಿ ನಮ್ಮ ರಾಜ್ಯದ ಹಕ್ಕಿಪಿಕ್ಕಿಗಳೂ ಇದ್ದರೆಂಬುದು ಓದುಗರಿಗೆ ನೆನಪಿರಬಹುದು. ಆಗ ನಮ್ಮೂರಿನಲ್ಲಿ ಹಲವರು, ಇವರು ಅಷ್ಟು ದೂರ ಹೋದದ್ದಾದರೂ ಹೇಗೆ ಎಂದು ಮೂಗಿನ ಮೇಲೆ ಬೆರಳಿಟ್ಟಿದ್ದರು. ಕಾಲಿಟ್ಟ ಊರಿನ ಮಾತನ್ನು ಆರು ತಿಂಗಳಲ್ಲಿ ಆಡುವವರಿಗೆ ದೂರವೆನ್ನುವುದು ಬಸ್ಸಿನ ಲೆಕ್ಕ ಮಾತ್ರ.

ವಾಗ್ರಿ ಅಥವಾ ವಾಗ್ರಿ ಬೋಲಿ ಗುಜರಾತಿಗೆ ಹತ್ತಿರವಾದ ಇಂಡೋ-ಆರ್ಯನ್ ಭಾಷೆ. ತಮಿಳುನಾಡಿನ ನರಿಕುರವ ಸಮುದಾಯದವರ ಮನೆಮಾತೂ ಅದೇ. ಕರ್ನಾಟಕದಲ್ಲಿ ಪರಿಶಿಷ್ಟ ಪಂಗಡವಾಗಿರುವ ಹಕ್ಕಿಪಿಕ್ಕಿಗಳ ಸಂಖ್ಯೆ 2011ರ ಜನಗಣತಿಯಲ್ಲಿ 11,892. ಹಕ್ಕಿ ಹಿಡಿಯುವುದೂ ಬೇಟೆಯೂ ಇವರ ಕಸುಬಾಗಿದ್ದವು; 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ತರುವಾಯ ಆ ದಾರಿ ಮುಚ್ಚಿ, ಪ್ಲಾಸ್ಟಿಕ್ ಹೂವು, ಮಸಾಲೆ ಸಾಮಾನು, ಗಿಡಮೂಲಿಕೆ ಎಣ್ಣೆಗಳ ವ್ಯಾಪಾರ ಹೊಟ್ಟೆಪಾಡಾಯಿತು. ಈ ಜನರ ಪ್ರಸ್ತಾಪ ಬಂದೊಡನೆ ಮಕ್ಕಳಿಗಿಡುವ ವಿಚಿತ್ರ ಹೆಸರುಗಳನ್ನು ಹೇಳಿ ನಗುವ ಚಾಳಿಯೊಂದಿದೆ; ಅವರ ಮಾತಿನ ಹೆಸರೇನೆಂದು ಹಾಗೆ ನಗುವವರನ್ನು ಕೇಳಿದರೆ ಉತ್ತರ ಬರುವುದಿಲ್ಲ.

ನನ್ನ ಮುಖ್ಯ ತಕರಾರಿರುವುದು ಬಾಟಲಿಯ ಚೀಟಿಯ ಬಗ್ಗೆ. ನೆಲಮುಟ್ಟುವ ಕೂದಲಿನ ಹೆಂಗಸಿನ ಚಿತ್ರ, ಇಂಗ್ಲಿಷ್ ಮತ್ತು ಹಿಂದಿಯಲ್ಲಿ ‘ಆದಿವಾಸಿ’ ಎಂಬ ದಪ್ಪಕ್ಷರ, ನೂರೆಂಟು ಗಿಡಮೂಲಿಕೆಗಳೆಂಬ ಘೋಷಣೆ, ಇಷ್ಟೇ ಅದರಲ್ಲಿರುವುದು. ತಯಾರಾದ ದಿನಾಂಕವಿಲ್ಲ, ಬ್ಯಾಚ್ ಸಂಖ್ಯೆಯಿಲ್ಲ, ಪರವಾನಗಿ ಸಂಖ್ಯೆಯಿಲ್ಲ; ತಲೆಗೆ ಹಚ್ಚುವ ವಸ್ತುವಿನಲ್ಲಿ ಇವು ಸಣ್ಣ ಲೋಪಗಳಲ್ಲ. ಕನ್ನಡದ ಒಂದು ಸಾಲೂ ಇಲ್ಲ, ವಾಗ್ರಿಯ ಒಂದು ಪದವೂ ಇಲ್ಲ. ‘ಹಕ್ಕಿಪಿಕ್ಕಿ’ ಎಂದು ಕರೆದವರು ಹಕ್ಕಿ ಹಿಡಿಯುವುದನ್ನು ಕಂಡ ಕನ್ನಡಿಗರು, ‘ಆದಿವಾಸಿ’ ಎಂದು ಅಚ್ಚು ಹಾಕಿಸಿದ್ದು ಹಿಂದಿ ಮಾರುಕಟ್ಟೆ. ತಮ್ಮ ಹೆಸರಿನಲ್ಲೇ ಮಾರಾಟವಾಗುವ ಬಾಟಲಿಯ ಮೇಲೆ ಈ ಜನ ತಮ್ಮನ್ನು ತಾವು ಕರೆದುಕೊಳ್ಳುವ ಮಾತಿಗೆ ಮಾತ್ರ ಜಾಗ ಸಿಕ್ಕಿಲ್ಲ. ಚೀಟಿ ಎಲ್ಲಿ ಅಚ್ಚಾಯಿತೆಂದು ಕೇಳಿದೆ. ಅಚ್ಚಿನವನ ಬಳಿ ಮೊದಲೇ ಸಿದ್ಧವಿದ್ದ ಮಾದರಿಯಂತೆ. ಎಲ್ಲರೂ ಅದನ್ನೇ ಒಯ್ಯುತ್ತಾರೆ.

ನೂರೆಂಟು ಮೂಲಿಕೆಗಳ ಮಾತನ್ನು ಸೊಸೆಯೇ ನಕ್ಕು ತಳ್ಳಿಹಾಕಿದರು. ಎಣಿಸಿ ಹೇಳಿ ಎಂದಾಗ ಗರಗ, ನೆಲ್ಲಿ, ದಾಸವಾಳ, ಒಂದೆಲಗ, ಕರಿಬೇವು, ಮೆಂತ್ಯ ಎಂದು ಕನ್ನಡದಲ್ಲೇ ಹನ್ನೆರಡರವರೆಗೆ ಬಂದು ನಿಂತರು. ಅಲ್ಲಿಂದ ಮುಂದೆ ಅಜ್ಜಿ ಎತ್ತಿಕೊಂಡು, ಒಣಗಿದ ಬೇರು ತೊಗಟೆಗಳನ್ನು ಒಂದೊಂದಾಗಿ ಚೀಲದಿಂದ ತೆಗೆದು ವಾಗ್ರಿಯಲ್ಲಿ ಹೆಸರಿಸಿದರು. ಅವುಗಳಲ್ಲಿ ನಾಲ್ಕಕ್ಕೆ ಕನ್ನಡದ ಹೆಸರು ಸೊಸೆಗೂ ತಿಳಿಯದು, ಏಳನೆಯ ತರಗತಿಯಲ್ಲಿರುವ ಮೊಮ್ಮಗಳಿಗಂತೂ ವಾಗ್ರಿಯ ಹೆಸರುಗಳೂ ಹೊಸವು. ಹುಡುಗಿ ಅಜ್ಜಿಯ ಮಾತನ್ನೆಲ್ಲ ಅರ್ಥ ಮಾಡಿಕೊಳ್ಳುತ್ತಾಳೆ, ಉತ್ತರವನ್ನು ಮಾತ್ರ ಕನ್ನಡದಲ್ಲಿ ಕೊಡುತ್ತಾಳೆ. ಈ ಎಣ್ಣೆಯ ಪಾಕಪಟ್ಟಿ ಎಲ್ಲಿಯೂ ಬರೆದಿಟ್ಟದ್ದಲ್ಲ. ಆ ನಾಲ್ಕು ಬೇರುಗಳು ಸದ್ಯ ಅಜ್ಜಿಯ ನಾಲಿಗೆಯ ಮೇಲಷ್ಟೇ ಇವೆ.

ಆ ಹುಡುಗಿಯ ಬಗ್ಗೆ ತೀರ್ಪು ಕೊಡುವ ಯೋಗ್ಯತೆ ನನಗಿಲ್ಲ. ನಾನು ಶಿಕಾರಿಪುರ ತಾಲ್ಲೂಕಿನ ಒಂದು ತಾಂಡಾದಲ್ಲಿ ಬೆಳೆದ ಲಂಬಾಣಿ. ನಮ್ಮ ಮನೆಮಾತಾದ ಗೋರ್ ಬೋಲಿಯೊಂದನ್ನೇ ಬಲ್ಲ ನಾನು ಶಾಲೆಗೆ ಸೇರಿದ ಮೊದಲ ವಾರ, ಬಾಯಾರಿದಾಗ ‘ನೀರು’ ಎಂಬ ಪದ ಗೊತ್ತಿಲ್ಲದೆ ಮಧ್ಯಾಹ್ನದವರೆಗೆ ಸುಮ್ಮನೆ ಕುಳಿತಿದ್ದುಂಟು. ಇವತ್ತು ಕನ್ನಡದಲ್ಲಿ ಯೋಚಿಸುತ್ತೇನೆ, ಕನ್ನಡದಲ್ಲೇ ಬೈಯುತ್ತೇನೆ. ನನ್ನ ಮಗ ನನ್ನ ತಾಯಿಗೆ ಕನ್ನಡದಲ್ಲಿ ಉತ್ತರಿಸುತ್ತಾನೆ. ಹೀಗಿದ್ದೂ, ಅಜ್ಜಿ ಸೊಸೆಗೆ ಹೇಳುತ್ತಿದ್ದ ಮಾತಿನ ನಡುವೆ ‘ಪಾಣಿ’, ‘ತೇಲ್’ ಎಂಬ ಪದಗಳು ಕಿವಿಗೆ ಬಿದ್ದಾಗ ನನಗೆ ಯಾರೋ ಹಿಂದಿನಿಂದ ಹೆಸರು ಹಿಡಿದು ಕರೆದಂತಾಯಿತು. ನಮ್ಮಲ್ಲಿಯೂ ನೀರಿಗೆ ಪಾಣಿ, ಎಣ್ಣೆಗೆ ತೇಲ್. ನಾನು ಗೋರ್ ಬೋಲಿಯಲ್ಲಿ ಎರಡು ಮಾತಾಡಿದೆ. ಅಜ್ಜಿ ಅರ್ಧ ಹಿಡಿದರು, ಅರ್ಧ ಬಿಟ್ಟರು, ನಡುವೆ ಕನ್ನಡ ಸೇತುವೆಯಾಯಿತು. ಅಲ್ಲಿಯವರೆಗೆ ಗಿರಾಕಿಯಾಗಿದ್ದವಳಿಗೆ ಆಮೇಲೆ ಚಹಾ ಬಂತು.

ಕೊಳ್ಳುವವರು ಗಮನಿಸಬೇಕಾದ ಕೆಲವು ಸಂಗತಿಗಳಿವೆ. ಎಣ್ಣೆಯನ್ನು ತಲೆತುಂಬ ಹಚ್ಚುವ ಮೊದಲು ಮೊಣಕೈಯ ಒಳಬದಿಗೆ ಸವರಿ ಒಂದು ದಿನ ನೋಡಿ. ನನ್ನ ತಂಗಿಗೆ ತುರಿಕೆ ಬಂದು ಅವಳು ಅಲ್ಲಿಗೇ ನಿಲ್ಲಿಸಿದಳು. ಅಂಚೆಯಲ್ಲಿ ತರಿಸಬೇಡಿ, ಬಾಟಲಿಯ ಮುಚ್ಚಳ ಸಡಿಲವಿದ್ದು ದಾರಿಯಲ್ಲಿ ಸೋರುತ್ತದೆ. ಬೆಳಿಗ್ಗೆ ಹತ್ತರೊಳಗೆ ಹೋದರೆ ಕುದಿಸುವುದನ್ನು ಕಣ್ಣಾರೆ ಕಾಣಬಹುದು. ಇವರ ಹೆಸರು, ಇವರ ಚಿತ್ರ ಹಾಕಿಕೊಂಡು ಬೇರೆಯವರು ಮಾರುವ ಎಣ್ಣೆಗಳೂ ಇವೆಯೆಂದು ಸೊಸೆ ದೂರಿದರು. ಇಷ್ಟು ತೆಳುವಾದ ಚೀಟಿಯನ್ನು ನಕಲು ಮಾಡುವುದು ಯಾರಿಗೂ ಕಷ್ಟವಾಗಲಾರದು.

ಕಳೆದ ವಾರ ಎರಡನೆಯ ಬಾಟಲಿಗೆ ಹೋದಾಗ, ಅಚ್ಚಾದ ಚೀಟಿ ಬೇಡವೆಂದೂ ತಯಾರಾದ ದಿನಾಂಕವನ್ನಷ್ಟೇ ಬರೆದು ಕೊಡಬೇಕೆಂದೂ ಕೇಳಿದೆ. ಹುಡುಗಿ ಬಿಳಿ ಟೇಪಿನ ತುಂಡನ್ನು ಹಲ್ಲಿನಲ್ಲಿ ಕತ್ತರಿಸಿ ಬಾಟಲಿಗೆ ಅಂಟಿಸಿದಳು. ಅದರ ಮೇಲೆ ದಿನಾಂಕ ಬರೆದು, ಸ್ವಲ್ಪ ಯೋಚಿಸಿ, ಅಜ್ಜಿಯ ಕಡೆ ನೋಡಿ, ಕನ್ನಡದ ದುಂಡನೆಯ ಅಕ್ಷರಗಳಲ್ಲಿ ‘ತೇಲ್’ ಎಂದು ಸೇರಿಸಿದಳು. ಈ ಬಾಟಲಿಯ ಮುಚ್ಚಳವೂ ಸೋರುತ್ತಿದೆ.