ಪ್ರಥಮ ಚಿಕಿತ್ಸೆ: ಊರಿನ ಕ್ಲಾಸು, ಯೂಟ್ಯೂಬು, ಕಾಡಿನ ಕೋರ್ಸು

ಕುಮಾರ ಪರ್ವತದಿಂದ ಇಳಿಯುವಾಗ ಗೆಳೆಯನ ಕಾಲು ಹೊರಳಿತು. ಚಾರಣಿಗರು ಊಟಕ್ಕೆ ತಂಗುವ ಭಟ್ಟರ ಮನೆ ಇನ್ನೂ ಎಷ್ಟೋ ಕೆಳಗೆ. ಫೋನಿಗೆ ಸಿಗ್ನಲ್ ಇಲ್ಲ. ನನ್ನ ಪರ್ಸಿನಲ್ಲಿ ಪ್ರಥಮ ಚಿಕಿತ್ಸೆ ಕಲಿತ ಕಾರ್ಡು ಇತ್ತು. ಕ್ರೇಪ್ ಬ್ಯಾಂಡೇಜ್ ನೀಟಾಗಿ ಸುತ್ತಿದೆ. ಆಮೇಲೆ? ಇವನನ್ನು ನಡೆಸಬಹುದಾ, ಹೊರಬೇಕಾ? ಅಲ್ಲಿಗೆ ನನ್ನ ವಿದ್ಯೆ ಮುಗಿಯಿತು.

ಆ ಕಾರ್ಡು ಸಿಕ್ಕಿದ್ದು ಬೆಂಗಳೂರಿನ ಒಂದು ದಿನದ ಕ್ಲಾಸಿನಲ್ಲಿ. ಕ್ಲಾಸು ಕೆಟ್ಟದ್ದೇನಲ್ಲ. ಗೊಂಬೆಯ ಎದೆ ಒತ್ತಿ ಒತ್ತಿ ಸಿಪಿಆರ್, ಅಂದರೆ ಹೃದಯ ನಿಂತವರ ಎದೆ ಒತ್ತಿ ಉಸಿರು ಕೊಡೋದು, ಕೈಗೆ ಹತ್ತಿತು: ನಿಮಿಷಕ್ಕೆ 100ರಿಂದ 120 ಸಲ, 5 ಸೆಂಟಿಮೀಟರ್ ಆಳ, 30 ಒತ್ತಿಗೆ 2 ಉಸಿರು. ಗಂಟಲಲ್ಲಿ ತುತ್ತು ಸಿಕ್ಕಿಕೊಂಡರೆ, ರಕ್ತ ಸುರಿದರೆ ಏನು ಮಾಡಬೇಕು ಅನ್ನೋದೂ ಬಂತು. ಆದರೆ ಪ್ರತಿ ಪಾಠದ ಕೊನೆಗೆ ಒಂದೇ ಮಾತು: 108ಕ್ಕೆ ಫೋನ್ ಮಾಡಿ. ಆಂಬುಲೆನ್ಸ್ ಬರುವ ತನಕದ ವಿದ್ಯೆ ಅದು. ಆಂಬುಲೆನ್ಸ್ ಬರಲಾರದ ಜಾಗದಲ್ಲಿ ನಿಂತವನಿಗೆ ಅರ್ಧ ಪುಸ್ತಕ ಓದಿದ ಹಾಗೆ.

ಸರಿ, ಯೂಟ್ಯೂಬ್ ಇದೆಯಲ್ಲ ಅಂತ ಎರಡು ತಿಂಗಳು ವಿಡಿಯೋ ನೋಡಿದೆ. ತ್ರಿಕೋನ ಬಟ್ಟೆಯಲ್ಲಿ ಕೈಗೆ ಜೋಳಿಗೆ ಕಟ್ಟೋದು, ಕೋಲಿನಿಂದ ದಬ್ಬೆ ಕಟ್ಟೋದು, ಇಂಥದ್ದಕ್ಕೆಲ್ಲ ವಿಡಿಯೋನೇ ವಾಸಿ. ನಿಲ್ಲಿಸಿ ನಿಲ್ಲಿಸಿ ನೋಡಬಹುದು. ಎಡವಿದ್ದು ಹಾವಿನ ವಿಷಯದಲ್ಲಿ. ಒಬ್ಬ ಆಸ್ಟ್ರೇಲಿಯಾದವನು ಕಾಲಿಡೀ ಬಿಗಿಯಾಗಿ ಬ್ಯಾಂಡೇಜ್ ಸುತ್ತುವುದನ್ನು ಚೆನ್ನಾಗಿ ತೋರಿಸಿದ್ದ. ನಾನೂ ಕಲಿತುಬಿಟ್ಟೆ. ಅಲ್ಲಿನ ಹಾವುಗಳಿಗೆ ಅದು ಸರಿ. ನಮ್ಮ ಕೊಳಕುಮಂಡಲದ ವಿಷ ಕಡಿದ ಜಾಗದ ಮಾಂಸವನ್ನೇ ಹಾಳುಮಾಡುತ್ತದೆ. ಬಿಗಿದು ಕಟ್ಟಿದರೆ ಅಲ್ಲಿ ಹಾನಿ ಜಾಸ್ತಿಯಾಗಬಹುದು. ನನ್ನ ಪ್ರಶ್ನೆಗೆ ವಿಡಿಯೋ ಉತ್ತರ ಕೊಡುವುದಿಲ್ಲ, ನನ್ನ ತಪ್ಪನ್ನು ತಿದ್ದುವುದೂ ಇಲ್ಲ.

ಮೂರನೆಯದು ಕಾಡು ಮೇಡಿಗೆಂದೇ ಇರುವ ವೈಲ್ಡರ್‌ನೆಸ್ ಫಸ್ಟ್ ಏಡ್. ಎರಡು ದಿನ, 16 ಗಂಟೆ. ಖರ್ಚು ಊರಿನ ಕ್ಲಾಸಿನ ಎಷ್ಟೋ ಪಟ್ಟು, ನಿಜ. ಆಸ್ಪತ್ರೆ ಒಂದು ಗಂಟೆಗಿಂತ ದೂರ ಅಂತ ಇಟ್ಟುಕೊಂಡೇ ಇಲ್ಲಿ ಪಾಠ ಶುರು. ಬೆಂಚೇ ಇಲ್ಲ, ಎಲ್ಲಾ ಬಯಲಲ್ಲಿ. ಒಬ್ಬರು ಸುಳ್ಳು ರಕ್ತ ಬಳಿದುಕೊಂಡು ಪೊದೆಯಲ್ಲಿ ಬಿದ್ದಿರುತ್ತಾರೆ, ನೀವು ಹುಡುಕಿ ಹೋಗಬೇಕು. ನಾನು ನೇರ ರೋಗಿಯ ಹತ್ತಿರ ಓಡಿದೆ. 'ಮೇಲಿಂದ ಕಲ್ಲು ಬೀಳ್ತಿದೆ, ಈಗ ನೀವೂ ಔಟ್' ಅಂದರು ಮೇಷ್ಟ್ರು. ಸುತ್ತ ನೋಡದೆ ಹೆಜ್ಜೆ ಇಡಬಾರದು ಅನ್ನೋದು ಅವತ್ತು ತಲೆಗೆ ಹೋಯಿತು.

ಕೈಕೆಲಸ ಇಲ್ಲಿ ಅಷ್ಟೇನೂ ಹೊಸದಲ್ಲ. ಹೊಸದು ತೀರ್ಮಾನ. ಹೊರಳಿದ ಕಾಲಿನ ಮೂಳೆಯ ಗೆಣ್ಣಿನ ಮೇಲೆ ಒತ್ತಿದರೆ ನೋವಾ? ನಾಲ್ಕು ಹೆಜ್ಜೆ ಇಡಬಲ್ಲನಾ? ನೋವಿದ್ದರೆ, ಇಲ್ಲವೇ ಹೆಜ್ಜೆ ಇಡಲಾರ ಅಂದರೆ ಮೂಳೆ ಮುರಿದಿರಬಹುದು ಅಂದುಕೊಂಡೇ ಸಾಗಿಸಬೇಕು. ಅವತ್ತು ನನಗೆ ಬೇಕಾಗಿದ್ದು ಇಷ್ಟೇ! ಜೊತೆಗೆ ನಾಡಿ, ಉಸಿರು, ಪ್ರಜ್ಞೆ ಹೇಗಿದೆ ಅಂತ ಆಗಾಗ ನೋಡಿ, ಹೊತ್ತು ಸಮೇತ ಚೀಟಿಯಲ್ಲಿ ಬರೆಯಬೇಕು. ಸಿಪಿಆರ್ ಬಗ್ಗೆಯೂ ಮುಚ್ಚುಮರೆ ಇರಲಿಲ್ಲ. ಆಸ್ಪತ್ರೆ ಗಂಟೆಗಟ್ಟಲೆ ದೂರವಿದ್ದರೆ ಅದರಿಂದ ಬದುಕುವವರು ಕಡಿಮೆ. ಸಿಡಿಲು ಬಡಿದವರಿಗೆ, ನೀರಲ್ಲಿ ಮುಳುಗಿದವರಿಗೆ ಮಾತ್ರ ಆಸೆ ಜಾಸ್ತಿ, ತಡಮಾಡದೆ ಶುರುಮಾಡಿದರೆ.

ಕೊರತೆಯೂ ಇದೆ. ಪಠ್ಯ ಅಮೆರಿಕದ ಬೆಟ್ಟಗಳನ್ನು ನೋಡಿ ಬರೆದದ್ದು. ಇಂಬಳದ ಹೆಸರೇ ಇಲ್ಲ, ಬಿಸಿಲ ಹೊಡೆತಕ್ಕೆ ಕೊಟ್ಟ ಹೊತ್ತು ಕಮ್ಮಿ. ಮೈ ತಣ್ಣಗಾಗುವ ಪಾಠವೇ ಅರ್ಧ ದಿನ. ಮಲೆನಾಡಿಗೆ ಇದ್ಯಾಕಪ್ಪಾ ಅಂತ ನಗು ಬಂತು. ಜುಲೈ ಮಳೆಯಲ್ಲಿ ನೆನೆದು, ಗಾಳಿಗೆ ನಿಂತು, ತೊದಲತೊಡಗಿದ ಒಬ್ಬ ಹುಡುಗನನ್ನು ನೋಡಿದ ಮೇಲೆ ನಗು ನಿಂತಿತು. ಒದ್ದೆ ಬಟ್ಟೆ ತೆಗೆಸಿ, ಸ್ಲೀಪಿಂಗ್ ಬ್ಯಾಗಿಗೆ ತೂರಿಸಿ, ಬೆಲ್ಲದ ನೀರು ಕುಡಿಸಿದೆವು.

ಹಾವಿನ ವಿಷಯ ಇಲ್ಲಿ ಚುಟುಕು: ಕೊಯ್ಯಬೇಡಿ, ಹೀರಬೇಡಿ, ಹಗ್ಗ ಬಿಗಿಯಬೇಡಿ. ಉಂಗುರ, ಗೆಜ್ಜೆ ತೆಗೆದು, ಕಡಿದ ಕೈಕಾಲು ಅಲುಗದಂತೆ ಕಟ್ಟಿ, ನಡೆಸದೆ ಆಸ್ಪತ್ರೆಗೆ ಒಯ್ಯಿರಿ.

ಮನೆಮಂದಿಗೆ, ಆಫೀಸಿನವರಿಗೆ ನಾನು ಹೇಳೋದು ಊರಿನ ಕ್ಲಾಸನ್ನೇ. ಹೃದಯ ನಿಲ್ಲೋದು ಬೆಟ್ಟಕ್ಕಿಂತ ಜಾಸ್ತಿ ಮನೆಯಲ್ಲೇ ಅಲ್ವಾ? ನಾಲ್ಕು ಜನರನ್ನು ಚಾರಣಕ್ಕೆ ಕರೆದೊಯ್ಯುವವರು ಮಾತ್ರ ದುಡ್ಡು ಕೂಡಿಸಿ ಕಾಡಿನ ಕೋರ್ಸೇ ಮಾಡಿ. ಮಾಡಿದ್ದು ಮರೆಯದಿರಲು ವಿಡಿಯೋ ಇದ್ದೇ ಇದೆ. ಎಂಟು ಹತ್ತು ದಿನದ ದೊಡ್ಡ ಕೋರ್ಸೂ ಇದೆ. ಅಷ್ಟು ರಜೆ ನನಗೆ ಯಾರು ಕೊಡ್ತಾರೆ.

ಹೋದ ಮಳೆಗಾಲ ಜೊತೆಯವರೊಬ್ಬರು ಜಾರಿ ಮಣಿಕಟ್ಟು ಮುರಿದುಕೊಂಡರು. ದಬ್ಬೆ ಕಟ್ಟಿ, ಚೀಟಿ ಬರೆದು, ಮೂರು ಗಂಟೆ ನಡೆಸಿಕೊಂಡು ತಾಲ್ಲೂಕು ಆಸ್ಪತ್ರೆಗೆ ತಂದೆವು. ಡಾಕ್ಟರು ಚೀಟಿ ನೋಡಿ 'ಯಾರು ಬರೆದಿದ್ದು ಇದು?' ಅಂದರು. ಹೆಮ್ಮೆಯಿಂದ ಮುಂದೆ ಬಂದೆ. 'ಓದೋಕೆ ಆಗ್ತಿಲ್ಲ, ನೀವೇ ಓದಿ ಹೇಳಿ' ಅಂದರು.