ಬಂಡೆ ದಾಟಿ ಹೋಗುವ ಗುಟ್ಟಿನ ಬೀಚು: ಹೋಗುವ ಮುಂಚೆ ಇದನ್ನು ಓದಿ

ಕೈಗೆ ಕಟ್ಟಿದ ಬ್ಯಾಂಡೇಜ್ ಬಿಚ್ಚಿ ನಾಲ್ಕು ದಿನವಾಯಿತು. ಈಗ ಟೈಪ್ ಮಾಡಲು ಆಗುತ್ತಿದೆ, ಹಾಗಾಗಿ ಬರೆಯುತ್ತಿದ್ದೇನೆ.

ನಾನು, ತಂಗಿ, ಅವಳ ಒಂಬತ್ತು ವರ್ಷದ ಮಗ ಕಡಲತೀರಕ್ಕೆ ಹೋಗಿದ್ದೆವು. ದೊಡ್ಡ ಬೀಚಿನ ತುದಿಯಲ್ಲಿ ಒಂದು ಗುಡ್ಡ ಸಮುದ್ರದೊಳಕ್ಕೆ ಚಾಚಿಕೊಂಡಿದೆ. ಅದರ ಬುಡದ ಬಂಡೆಗಳ ಮೇಲೆ ನಡೆದು ಆಚೆ ಹೋದರೆ ಪುಟ್ಟ ಬೀಚು, ಒಂದು ಗುಹೆ, ಜನವೇ ಇಲ್ಲ. ಒಂದು ವಿಡಿಯೋದಲ್ಲಿ ನೋಡಿದ್ದೆವು. 'ಮಧ್ಯಾಹ್ನ 2 ಗಂಟೆವರೆಗೆ ಆರಾಮಾಗಿ ಇರಬಹುದು' ಎಂದು ಅದರಲ್ಲಿ ಹೇಳಿದ್ದರು. ಸುಳ್ಳೇನಲ್ಲ. ಆದರೆ ಅದು 12 ದಿನದ ಹಿಂದಿನ ಮಾತು!

ಹೆಚ್ಚಿನ ಕಡಲತೀರಗಳಲ್ಲಿ ಒಂದು ಇಳಿತದಿಂದ (ಅಂದರೆ ನೀರು ಪೂರ್ತಿ ಕೆಳಗಿಳಿದ ಹೊತ್ತಿನಿಂದ) ಮುಂದಿನ ಇಳಿತಕ್ಕೆ ಸುಮಾರು 12 ಗಂಟೆ 25 ನಿಮಿಷ. ಅಂದರೆ ದಿನಕ್ಕೆ 50 ನಿಮಿಷದಷ್ಟು ಮುಂದಕ್ಕೆ ಹೋಗುತ್ತಾ ಇರುತ್ತದೆ. 12 ದಿನಕ್ಕೆ ಹತ್ತು ಗಂಟೆ. ಅವರಿಗೆ ನಡು ಮಧ್ಯಾಹ್ನಕ್ಕಿದ್ದ ಇಳಿತ ನಮ್ಮ ದಿನಕ್ಕೆ ರಾತ್ರಿ ಹತ್ತಕ್ಕೆ ಸರಿದಿತ್ತು, ಅದರ ಹಿಂದಿನ ಇಳಿತ ಬೆಳಗ್ಗೆ ಒಂಬತ್ತೂವರೆಗೇ ಮುಗಿದಿತ್ತು. ನಾವು ಹೊರಟಿದ್ದು 10ಕ್ಕೆ. ಮೇಲಾಗಿ ಹುಣ್ಣಿಮೆಯ ಮಾರನೇ ದಿನ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ನೀರು ಏರುವುದೂ ಜಾಸ್ತಿ, ಇಳಿಯುವುದೂ ಜಾಸ್ತಿ. ಅದಕ್ಕೇ ಬೆಳಗ್ಗೆ ದಾರಿ ಅಷ್ಟು ಅಗಲವಾಗಿ, ಒಣಗಿ ಕಂಡಿತ್ತು. ನೋಡಿ ಖುಷಿಪಟ್ಟೆವು.

ಮೊದಲ ಒಂದೆರಡು ಗಂಟೆ ನೀರು ಏರುವುದು ಗೊತ್ತೇ ಆಗುವುದಿಲ್ಲ. ಆರು ಗಂಟೆಯಲ್ಲಿ ಏರುವ ನೀರಿನ ಅರ್ಧ ಭಾಗ ಮೂರನೇ, ನಾಲ್ಕನೇ ಗಂಟೆಯಲ್ಲೇ ಬಂದುಬಿಡುತ್ತದೆ. ನಮ್ಮ ಬೀಚು ಹಾಗೇ ಇತ್ತು, ಮರಳೂ ಬೇಕಾದಷ್ಟಿತ್ತು. ಮುಳುಗಿಹೋಗಿದ್ದು ವಾಪಸ್ ಬರುವ ದಾರಿ, ಅದು ಗುಡ್ಡದ ತಿರುವಿನ ಆಚೆ. ಕೂತಲ್ಲಿಂದ ಕಾಣುವುದೇ ಇಲ್ಲ.

ಒಂದು ಗಂಟೆಗೆ ಹೊರಟಾಗ ಬಂಡೆಗಳಿದ್ದ ಜಾಗದಲ್ಲಿ ಅಲೆ ಗೋಡೆಗೆ ಅಪ್ಪಳಿಸುತ್ತಿತ್ತು. ಇಪ್ಪತ್ತು ಹೆಜ್ಜೆ ತಾನೇ, ಈಜಿಬಿಡುತ್ತೇನೆ ಅಂದುಕೊಂಡೆ. ತಂಗಿ ಬೇಡ ಅಂದಳು. ಕೇಳಲಿಲ್ಲ. ಇಳಿದ ಮೊದಲ ಅಲೆಯೇ ಎತ್ತಿ ಬಂಡೆಗೆ ಒರೆಸಿತು. ಬಂಡೆ ತುಂಬಾ ಚೂಪು ಚಿಪ್ಪುಗಳು ಅಂಟಿಕೊಂಡಿರುತ್ತವಲ್ಲ, ಅಂಗೈ ಸೀಳಿಹೋಯಿತು. ಬೆಚ್ಚನೆಯ ಸಮುದ್ರದ ನೀರಿನಲ್ಲಿ ಆದ ಗಾಯ ಬೇಗ ಕೀವು ಹಿಡಿಯುತ್ತದೆ. ಸಣ್ಣ ತರಚಿದರೂ ಸಿಹಿನೀರಲ್ಲಿ ಚೆನ್ನಾಗಿ ತೊಳೆಯಿರಿ. ಊದಿಕೊಂಡರೆ ಡಾಕ್ಟರ ಹತ್ತಿರ ಹೋಗಲು ಮರುದಿನದವರೆಗೆ ಕಾಯಬೇಡಿ. ನಾನು ಕಾಯ್ದೆ.

ಗುಹೆಗೆ ಹೋಗೋಣ, ನೆರಳಿದೆ ಎಂದ ಹುಡುಗ. ಆಗ ತಂಗಿ ಗುಹೆಯ ಗೋಡೆ ತೋರಿಸಿದಳು. ಅದೇ ಚಿಪ್ಪುಗಳು, ಹಸಿರು ಪಾಚಿ, ನನ್ನ ತಲೆಗಿಂತ ಮೇಲಕ್ಕೂ ಇದ್ದವು. ಅಂದರೆ ನೀರು ಅಲ್ಲಿಯವರೆಗೆ ಆಗಾಗ ಬರುತ್ತದೆ ಎಂದೇ ಅಲ್ವಾ? ಬೆಳಗ್ಗೆ ಆ ಗೋಡೆಗೆ ಒರಗಿ ಫೋಟೋ ತೆಗೆಸಿಕೊಂಡವನು ನಾನು. ಊಟದ ಚೀಲ ಇಟ್ಟಿದ್ದೂ ಅಲ್ಲೇ. ಅಂಥ ಕಡೆ ಹೋದರೆ ಮೊದಲು ಗೋಡೆ ನೋಡಿ. ಚಿಪ್ಪು, ಪಾಚಿ ಎಲ್ಲಿ ನಿಲ್ಲುತ್ತದೋ ಅದಕ್ಕಿಂತ ಸಾಕಷ್ಟು ಮೇಲೆ ಹೋಗಿ ಕೂರಲು ಜಾಗ ಇದೆಯಾ ಅಂತ ನೋಡಿಕೊಳ್ಳಿ.

ನಮಗೆ ಒಂದು ಬಂಡೆಯ ಚಾಚು ಸಿಕ್ಕಿತು. ಮೂವರು, ಒಂದು ಬಾಟಲಿ ನೀರು, ಸಿಗ್ನಲ್ ಇಲ್ಲದ ಎರಡು ಫೋನು, ನೆತ್ತಿ ಮೇಲೆ ಬಿಸಿಲು. ನಾಲ್ಕರ ಹೊತ್ತಿಗೆ ಪುಟ್ಟ ಬೀಚು ಪೂರ್ತಿ ಮುಳುಗಿತು. ಹುಡುಗ ಒಂದು ಮಾತೂ ಆಡಲಿಲ್ಲ, ಅದೇ ನನಗೆ ಜಾಸ್ತಿ ಭಯವಾಗಿದ್ದು. ನೀರಿಳಿದು ಮೊಣಕಾಲಿಗೆ ಬಂದಾಗ ರಾತ್ರಿ ಎಂಟು. ಬೆಳದಿಂಗಳಲ್ಲಿ ಪಾಚಿ ಬಂಡೆಗಳ ಮೇಲೆ ಕೂತು ಜಾರಿಕೊಂಡೇ ದಾಟಿದೆವು.

ಉಬ್ಬರ-ಇಳಿತದ ಪಟ್ಟಿ ಫೋನಿನಲ್ಲೇ ಸಿಗುತ್ತದೆ. ಆ ಜಾಗದ್ದೇ, ಆ ದಿನದ್ದೇ ನೋಡಿ. ಇಳಿತಕ್ಕೆ ಇನ್ನೂ ಒಂದೆರಡು ಗಂಟೆ ಇರುವಾಗ ಹೊರಟು, ಇಳಿತ ಮುಗಿಯುವ ಹೊತ್ತಿಗೆ ವಾಪಸ್ ಹೊರಟುಬಿಡಿ. ಎಲ್ಲಿಗೆ ಹೋಗುತ್ತೀರಿ ಅಂತ ಯಾರಿಗಾದರೂ ಹೇಳಿಹೋಗಿ. ನಾವು ಯಾರಿಗೂ ಹೇಳಿರಲಿಲ್ಲ, ಗುಟ್ಟಿನ ಜಾಗ ನೋಡಿ!

ಆ ವಿಡಿಯೋದ ಕೆಳಗೆ ಇದನ್ನೆಲ್ಲ ಬರೆದೆ. 'ನಾವು ಹೋದಾಗ ಏನೂ ಆಗಲಿಲ್ಲವಲ್ಲ' ಅಂತ ಉತ್ತರ ಬಂತು.