120 ಇಂಚಿನ ಆಸೆ, 80 ಇಂಚಿನ ಗೋಡೆ: ಎರಡೂವರೆ ವರ್ಷ ಬಳಸಿದ ಪ್ರೊಜೆಕ್ಟರ್

ಪ್ರೊಜೆಕ್ಟರ್ ಮನೆಗೆ ಬಂದ ದಿನ ಅಮ್ಮ ಕೇಳಿದ್ದು ಒಂದೇ ಮಾತು. "ಎಂತ ಮಾರಾಯ, ಗೋಡೆ ನೋಡ್ಲಿಕ್ಕೆ ಹದಿನೆಂಟು ಸಾವಿರ ಕೊಟ್ಯಾ?"

2023ರ ದೀಪಾವಳಿ ಸೇಲ್‌ನಲ್ಲಿ ತೆಗೆದುಕೊಂಡೆ. ಬ್ರ್ಯಾಂಡ್ ಹೆಸರು ಬೇಡ. ಈ ಬೆಲೆಯ ಪ್ರೊಜೆಕ್ಟರ್‌ಗಳೆಲ್ಲ ಒಳಗೆ ಹೆಚ್ಚುಕಮ್ಮಿ ಒಂದೇ: ಒಂದು ಎಲ್‌ಇಡಿ, ಚಿತ್ರ ಮೂಡಿಸುವ ಒಂದು ಎಲ್‌ಸಿಡಿ ಪ್ಯಾನೆಲ್, ಒಂದು ಲೆನ್ಸ್, ಒಂದೆರಡು ಫ್ಯಾನ್. ನನ್ನದು 1920×1080 ಚುಕ್ಕಿಯ ಪ್ಯಾನೆಲ್, ಬೆಳಕು 300 ಆನ್ಸಿ ಲ್ಯೂಮೆನ್.

ಕೊಳ್ಳುವ ಮೊದಲು ನಾನು ಕಲಿತಿದ್ದು ಎರಡೇ ವಿಷಯ. ಎರಡೂ ಉಪಯೋಗಕ್ಕೆ ಬಂದವು. ಒಂದು, ಡಬ್ಬದ ಮೇಲೆ ಬರೀ 'ಲ್ಯೂಮೆನ್' ಅಂತ ಎಷ್ಟು ಸಾವಿರ ಬರೆದಿದ್ದರೂ ನಂಬಬಾರದು. ಆನ್ಸಿ ಅಂದರೆ ತೆರೆಯ ಮೇಲೆ ಒಂಬತ್ತು ಕಡೆ ಬೆಳಕು ಅಳೆದು, ಅದರ ಸರಾಸರಿಯಿಂದ ಹಾಕಿದ ಲೆಕ್ಕ. ಇನ್ನೊಂದು, '4ಕೆ ಸಪೋರ್ಟ್' ಅಂದರೆ 4ಕೆ ಸಿನಿಮಾವನ್ನು ಒಳಗೆ ಬಿಟ್ಟುಕೊಳ್ಳುತ್ತದೆ ಅಂತ ಅಷ್ಟೇ. ತೋರಿಸುವುದು ಪ್ಯಾನೆಲ್‌ನಲ್ಲಿ ಎಷ್ಟು ಚುಕ್ಕಿ ಇದೆಯೋ ಅಷ್ಟನ್ನೇ. ನಮ್ಮ ಭಾವ ಎಂಟು ಸಾವಿರಕ್ಕೆ '4ಕೆ' ತಂದು ಖುಷಿಯಾಗಿದ್ದರು. ಸೂಕ್ಷ್ಮ ಅಕ್ಷರದಲ್ಲಿ ನೇಟಿವ್ (ಅಂದರೆ ಪ್ಯಾನೆಲ್‌ನಲ್ಲಿ ನಿಜವಾಗಿ ಇರುವ ಚುಕ್ಕಿ) 1280×720 ಅಂತ ಬರೆದಿತ್ತು. ಸಬ್‌ಟೈಟಲ್ ಓದಲು ಈಗ ಗೋಡೆಯ ಹತ್ತಿರ ಹೋಗಿ ಕೂರುತ್ತಾರೆ.

ನನ್ನ ತಪ್ಪು ಬೇರೆ. ಮೂಲೆಯಿಂದ ಮೂಲೆಗೆ 120 ಇಂಚಿನ ಚಿತ್ರದ ಆಸೆ.

ನಮ್ಮದು ಸಾಗರದಲ್ಲಿ ಹಳೆಯ ಹೆಂಚಿನ ಮನೆ. ಜಗುಲಿ ಪಕ್ಕದ ಕೋಣೆ 12 ಅಡಿ ಅಗಲ, 14 ಅಡಿ ಉದ್ದ. ಜಾಗ ಇದೆಯಲ್ಲ ಅಂತ ಮೊದಲ ದಿನವೇ ಗೋಡೆ ತುಂಬ ಚಿತ್ರ ಬಿಟ್ಟೆ. ಮಗಳು ಚಪ್ಪಾಳೆ ತಟ್ಟಿದಳು. ಹತ್ತು ನಿಮಿಷಕ್ಕೆ ಸಿನಿಮಾದಲ್ಲಿ ರಾತ್ರಿಯ ದೃಶ್ಯ ಬಂತು. ಯಾರು ಯಾರಿಗೆ ಹೊಡೆಯುತ್ತಿದ್ದಾರೆ ಅಂತಲೇ ಗೊತ್ತಾಗಲಿಲ್ಲ. ಬೂದಿ ಬಣ್ಣದ ಗೋಡೆ ಅಲ್ಲಾಡಿದ ಹಾಗೆ ಕಾಣುತ್ತಿತ್ತು. ಪ್ರೊಜೆಕ್ಟರ್ ಕೆಟ್ಟದ್ದು ಅಂತ ಮೂರು ತಿಂಗಳು ಬೈದುಕೊಂಡೇ ನೋಡಿದೆ.

ಆಮೇಲೆ ಒಂದು ಭಾನುವಾರ ಕೂತು ಲೆಕ್ಕ ಹಾಕಿದೆ. ಲೆಕ್ಕ ಸುಲಭ. ಸಾದಾ ಬಿಳಿ ಗೋಡೆಯಾದರೆ ಲ್ಯೂಮೆನ್ನನ್ನು ಚಿತ್ರದ ಚದರ ಅಡಿಯಿಂದ ಭಾಗಿಸಿದರೆ ಸಾಕು, ಹೊಳಪು ಫುಟ್‌ಲ್ಯಾಂಬರ್ಟ್ ಲೆಕ್ಕದಲ್ಲಿ ಸಿಗುತ್ತದೆ. ಸಿನಿಮಾ ಥಿಯೇಟರ್‌ಗಳಿಗೆ ಇರುವ ಅಳತೆ 14ರಿಂದ 16ರ ಆಸುಪಾಸು. 120 ಇಂಚಿನ ಚಿತ್ರ ಸುಮಾರು 43 ಚದರ ಅಡಿ. 300 ಭಾಗಿಸು 43, ಬಂದಿದ್ದು 7. ಥಿಯೇಟರ್‌ನ ಅರ್ಧ! 100 ಇಂಚಿಗೆ 10. 80 ಇಂಚಿಗೆ 19 ಚದರ ಅಡಿ, ಹೊಳಪು ಹತ್ತಿರಹತ್ತಿರ 16.

ಅವತ್ತೇ ಮೇಜನ್ನು ಗೋಡೆಯ ಕಡೆ ನಾಲ್ಕು ಅಡಿ ಎಳೆದೆ. ಅದೇ ಪ್ರೊಜೆಕ್ಟರ್, ಅದೇ ಸಿನಿಮಾ. ಕತ್ತಲಲ್ಲಿ ನಿಂತವನ ಮುಖ ಕಂಡಿತು. ಮಗಳಿಗೆ ಮಾತ್ರ ಬೇಜಾರು, "ಚಿಕ್ಕದಾಯ್ತು ಅಪ್ಪಾ" ಅಂತ. ಚಿಕ್ಕದು ಅಂದರೂ 43 ಇಂಚಿನ ಟಿವಿಯ ಮೂರೂವರೆ ಪಟ್ಟು ದೊಡ್ಡದು ಅಲ್ವಾ?

ತೆರೆಯ ವಿಷಯದಲ್ಲೂ ಪ್ರಯೋಗ ನಡೆಯಿತು. ಮೊದಲು ಬಿಳಿ ಪಂಚೆ ಕಟ್ಟಿದೆ. ಅರ್ಧ ಬೆಳಕು ಪಂಚೆ ದಾಟಿ ಹಿಂದೆ ಹೋಯಿತು. ಆಮೇಲೆ ಸ್ಟ್ಯಾಂಡಿನ ತೆರೆ ತಂದೆ. ಮಲೆನಾಡಿನ ಮಳೆಗಾಲದಲ್ಲಿ ಸುರುಳಿ ಸುತ್ತಿಟ್ಟದ್ದನ್ನು ಆಗಸ್ಟ್‌ನಲ್ಲಿ ಬಿಚ್ಚಿದರೆ ಬೂಷ್ಟು. ಕೊನೆಗೆ ಗೋಡೆಯನ್ನೇ ನಯವಾಗಿ ಉಜ್ಜಿಸಿ, ಹೊಳಪಿಲ್ಲದ ಬಿಳಿ ಬಣ್ಣ ಎರಡು ಕೋಟ್ ಹೊಡೆಸಿ, ಸುತ್ತ ಕಪ್ಪು ಮಖಮಲ್ ಪಟ್ಟಿ ಅಂಟಿಸಿದೆ. ಆ ಪಟ್ಟಿಯಿಂದ ಚಿತ್ರ ಇನ್ನೂ ಗಾಢವಾಗಿ ಕಾಣುತ್ತದೆ. ಸುಮ್ನೆ ಕಣ್ಣಿನ ಮೋಸ, ಆದರೂ ಸಂತೋಷ. ಮಾಡಿನ ಗಾಜಿನ ಹೆಂಚಿನ ಕೆಳಗೆ ರಟ್ಟು ಕಟ್ಟಿದ ಮೇಲೆ ಸಂಜೆ ಐದಕ್ಕೂ ಪರವಾಗಿಲ್ಲ ಅನ್ನುವ ಹಾಗಿದೆ. ಮಧ್ಯಾಹ್ನ ಆಗುವುದಿಲ್ಲ. ಹಗಲು ಧಾರಾವಾಹಿ ನೋಡುವವರು ಈ ದುಡ್ಡಿಗೆ ಟಿವಿಯನ್ನೇ ತೆಗೆದುಕೊಳ್ಳಿ.

ಕೀಸ್ಟೋನ್ ಅನ್ನುವ ಸೌಲಭ್ಯ ಇದೆ, ಓರೆ ಇಟ್ಟರೂ ಚಿತ್ರ ಚೌಕ ಮಾಡಿಕೊಡುತ್ತದೆ. ಪ್ಯಾನೆಲ್‌ನ ಅಂಚನ್ನು ಕತ್ತರಿಸಿ ಮಾಡುವ ಕೆಲಸ ಅದು, ಚುಕ್ಕಿಯೂ ಹೋಯಿತು, ಬೆಳಕೂ ಹೋಯಿತು. ನೇರ ಇಡಿ.

ಒಳಗಿನ ಆ್ಯಂಡ್ರಾಯ್ಡ್ ಮೊದಲ ವರ್ಷವೇ ಆಮೆ ಆಯಿತು. ನೆಟ್‌ಫ್ಲಿಕ್ಸ್ ಅಂತೂ ಸರಿಯಾಗಿ ಓಡಲೇ ಇಲ್ಲ, ಈ ಯಂತ್ರಕ್ಕೆ ಅವರ ಪರವಾನಗಿ ಇಲ್ಲ. ಎಚ್‌ಡಿಎಂಐಗೆ ಸಿನಿಮಾ ಆ್ಯಪ್ ಓಡಿಸುವ ಒಂದು ಸ್ಟಿಕ್ ಚುಚ್ಚಿದೆ, ಮುಗಿಯಿತು. ಸ್ಪೀಕರ್ ಪೀಪಿ. ಬ್ಲೂಟೂತ್‌ನಲ್ಲಿ ತುಟಿ ಮೊದಲು, ಮಾತು ಆಮೇಲೆ. ಹಳೆಯ ಆಂಪ್ಲಿಫೈಯರ್‌ಗೆ ವೈರ್ ಎಳೆದೆ.

ಕರೆಂಟಿನ ಕಥೆ ಹೇಳಲೇಬೇಕು. 2025ರ ಜೂನ್ 3, ಐಪಿಎಲ್ ಫೈನಲ್. ಅಕ್ಕಪಕ್ಕದವರೆಲ್ಲ ಸೇರಿ ಹದಿನಾಲ್ಕು ಜನ. ಪಂಜಾಬ್ ಬೆನ್ನಟ್ಟುತ್ತಿರುವಾಗ ಕರೆಂಟ್ ಹೋಯಿತು. ಇನ್ವರ್ಟರ್ ಇದೆ, ಫ್ಯಾನ್ ನಿಲ್ಲಲಿಲ್ಲ. ಆದರೆ ಆ ಕ್ಷಣಮಾತ್ರದ ಅಂತರ ಪ್ರೊಜೆಕ್ಟರ್‌ಗೆ ಸಾಕಾಯಿತು, ಆರಿಹೋಗಿ ಮೊದಲಿನಿಂದ ಶುರು. ಅದು ಏಳುವಷ್ಟರಲ್ಲಿ ಎಲ್ಲರೂ ಮೊಬೈಲ್ ತೆಗೆದಿದ್ದರು. ಆರು ರನ್ನಿಂದ ಆರ್‌ಸಿಬಿ ಗೆದ್ದದ್ದನ್ನು ದೊಡ್ಡದಾಗಿಯೇ ನೋಡಿದೆವು, ಬಿಡಿ. ಮರುದಿನ ನೋಡಿದರೆ ಇನ್ವರ್ಟರ್‌ನ ಹಿಂದೆ 'ಯುಪಿಎಸ್ ಮೋಡ್' ಅಂತ ಒಂದು ಸ್ವಿಚ್ ಇದೆ! ಅದನ್ನು ಒತ್ತಿದ ಮೇಲೆ ಆ ತೊಂದರೆ ಇಲ್ಲ.

ಮಳೆಗಾಲದಲ್ಲಿ ಹುಳ ಬೆಳಕಿಗೆ ಬರುತ್ತವೆ, ಹುಳಕ್ಕೆ ಹಲ್ಲಿ ಬರುತ್ತದೆ. ನಾಯಕಿ ಅಳುತ್ತಿರುವಾಗ ಕೆನ್ನೆಯ ಮೇಲೆ ಹಲ್ಲಿ ಓಡುವುದು ನಮಗೀಗ ಅಭ್ಯಾಸ.

ಧೂಳು ದೊಡ್ಡ ಶತ್ರು. ಒಂಬತ್ತನೇ ತಿಂಗಳಿಗೆ ಎಡಗಡೆ ಒಂದು ಮಸುಕು ಚುಕ್ಕಿ ಕಂಡಿತು. ನನ್ನದು ಪೂರ್ತಿ ಮುಚ್ಚಿದ ಆಪ್ಟಿಕಲ್ ಎಂಜಿನ್ (ಎಲ್‌ಇಡಿ, ಪ್ಯಾನೆಲ್, ಲೆನ್ಸ್ ಕೂರುವ ಗೂಡು) ಅಲ್ಲ, ಫ್ಯಾನ್ ಗಾಳಿಯ ಜೊತೆ ಧೂಳನ್ನೂ ಎಳೆಯುತ್ತದೆ. ಸರ್ವಿಸ್‌ನವರಿಗೆ ಫೋನ್ ಮಾಡಿದರೆ ಬೆಂಗಳೂರಿಗೆ ಕಳಿಸಿ ಅಂದರು. ಕಳಿಸಿದೆ, ಇಪ್ಪತ್ಮೂರು ದಿನಕ್ಕೆ ಚೊಕ್ಕವಾಗಿ ವಾಪಸ್ ಬಂತು. ಡಬ್ಬ, ಥರ್ಮಾಕೋಲ್ ಎಸೆಯಬೇಡಿ. ನಾನು ಎಸೆದು, ಪ್ಯಾಕಿಂಗ್‌ಗೇ ನಾನೂರು ರೂಪಾಯಿ ಕೊಟ್ಟೆ. ಈಗ ಕೊಂಡರೆ 'ಸೀಲ್ಡ್ ಎಂಜಿನ್' ಅಂತ ಬರೆದಿದ್ದರೆ ಎರಡು ಸಾವಿರ ಜಾಸ್ತಿಯಾದರೂ ಕೊಡುತ್ತೇನೆ.

ಇದುವರೆಗೆ ಅಂದಾಜು 1,400 ಗಂಟೆ ಓಡಿದೆ. ಎಲ್‌ಇಡಿ ಬೆಳಕು ಮಂಕಾದ ಹಾಗೆ ನನ್ನ ಕಣ್ಣಿಗೆ ಕಂಡಿಲ್ಲ. ಆದರೆ ಮೇಲಿನ ಬಲ ಮೂಲೆ ಈಚೆಗೆ ಹಳದಿ ತಿರುಗಿದೆ. ಎಲ್‌ಸಿಡಿ ಪಕ್ಕದ ಪೋಲರೈಸರ್ ಅನ್ನುವ ಬೆಳಕು ಸೋಸುವ ಹಾಳೆ ಬಿಸಿಗೆ ಸುಡುವುದು ಈ ಜಾತಿಯ ಪ್ರೊಜೆಕ್ಟರ್‌ಗಳ ಮಾಮೂಲಿ ಕಾಯಿಲೆ. ಬದಲಿಸಲು ಹೇಳಿದ ದರ ಕೇಳಿ ಸುಮ್ಮನಾದೆ. ಬಿಳಿ ಆಕಾಶ ಬಂದಾಗ ಮಾತ್ರ ಗೊತ್ತಾಗುತ್ತದೆ. ಅಮ್ಮನಿಗೆ ಇನ್ನೂ ಕಂಡಿಲ್ಲ, ಶನಿವಾರ ರಾತ್ರಿ ಊಟ ಆಗುತ್ತಿದ್ದಂತೆ ಮುಂದಿನ ಕುರ್ಚಿ ಅವಳದ್ದೇ.